ಐವತ್ನಾಲ್ಕು ಕಿಲೋದ ಅನಾಮಿಕ

1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದ ಗೂನುಬೆನ್ನಿನ ಮಹಶೀರ್ ಮೀನು ತೂಗಿದ್ದು 120 ಪೌಂಡು. ಅಂದರೆ 54 ಕಿಲೋ, ಒಂದು ಅಕ್ಕಿ ಮೂಟೆಗಿಂತ ಭಾರ. ಬೆನ್ನಿಗೆ ಗೂನು, ಬಾಲಕ್ಕೆ ಕಿತ್ತಳೆ ಬಣ್ಣ, ಒಂದೂವರೆ ಮೀಟರ್ ಮೀರಿ ಬೆಳೆಯುವ ಮೈ. ಈ ಬಗೆಯ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 1873ರಲ್ಲೇ ಎಚ್.ಎಸ್. ಥಾಮಸ್ ಪುಸ್ತಕದ ಮೂಲಕ ಇದರ ಖ್ಯಾತಿ ಗಾಳಗಾರರ ಲೋಕಕ್ಕೆಲ್ಲ ಹಬ್ಬಿತ್ತು. ಇಷ್ಟು ಹೆಸರುವಾಸಿ ಮೀನಿನ ವೈಜ್ಞಾನಿಕ ಹೆಸರು ಇತ್ಯರ್ಥವಾಗಿದ್ದು ಮಾತ್ರ 2018ರಲ್ಲಿ. ನಡುವೆ ಕಳೆದದ್ದು 145 ವರ್ಷ!

ಯಾರ ಕಣ್ಣಿಗೂ ಬಿದ್ದಿರಲಿಲ್ಲವೇ ಎಂದರೆ, ಬಿದ್ದಿತ್ತು, ಬೇಕಾದಷ್ಟು ಸಲ. 1998ರಿಂದ 2012ರವರೆಗೆ ಕಾವೇರಿಯಲ್ಲಿ ಗಾಳ ಹಾಕಿದವರ ಲೆಕ್ಕದಲ್ಲಿ 23,620 ಗಂಟೆಗಳಿವೆ. ಬಿಡುವಿಲ್ಲದೆ ಹಗಲೂ ರಾತ್ರಿ ಕೂತರೆ ಎರಡು ವರ್ಷ ಎಂಟು ತಿಂಗಳಾಗುತ್ತದೆ. ಸಿಕ್ಕ ಮಹಶೀರ್‌ಗಳು 6,161, ದೊಡ್ಡದು 46.8 ಕಿಲೋ. ಆದರೆ ಹಿಡಿದದ್ದನ್ನು ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ಮೀನಿಗೆ ಅದು ಒಳ್ಳೆಯದೇ. ವರ್ಗೀಕರಣಕ್ಕೆ ಬೇಕಾದದ್ದು ಮಾತ್ರ ಫೋಟೊ ಅಲ್ಲ, ಮುಂದಿಟ್ಟುಕೊಂಡು ಅಳೆಯಬಹುದಾದ ಮೈ. ಹೀಗಾಗಿ ಬಹುಕಾಲ 'ಟಾರ್ ಮುಸುಲ್ಲಾ' ಎಂಬ, ಬೇರೆಯದೇ ಮೀನಿಗೆ ಸಲ್ಲಬೇಕಾದ ಹೆಸರನ್ನು ಇದಕ್ಕೆ ಅಂಟಿಸಿದ್ದರು.

ನಿಜವಾದ ಹೆಸರು ಇದ್ದದ್ದು ಕೇರಳದಲ್ಲಿ. ಕಾವೇರಿಯ ಉಪನದಿಯ ಉಪನದಿಯಾದ ಪಾಂಬಾರ್‌ನಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ 2007ರಲ್ಲಿ ಕುರುಪ್ ಮತ್ತು ರಾಧಾಕೃಷ್ಣನ್ ಹೊಸ ಪ್ರಭೇದವನ್ನು ಬಣ್ಣಿಸಿದ್ದರು. ಮೀನುತಜ್ಞೆ ರೆಮಾದೇವಿ ಅವರ ಗೌರವಾರ್ಥ 'ಟಾರ್ ರೆಮಾದೇವಿಯೈ' ಎಂದು ಹೆಸರಿಟ್ಟಿದ್ದರು. ಆ ಮರಿಮೀನುಗಳೂ ಕಾವೇರಿಯ ದೈತ್ಯವೂ ಒಂದೇ ಎಂದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಒಂದೇ ಎಂದು ತೋರಿಸಲು ಎರಡು ಸಾಕ್ಷಿ ಬೇಕಾಯಿತು. ಒಂದು ಮೈಯದು: ಕಿವಿರಿನ ಮುಚ್ಚಳದ ನೇರಕ್ಕೆ ಬೆನ್ನಿನ ಗೆರೆ ಥಟ್ಟನೆ ಮೇಲೇಳುವ ಬಗೆ, ಪಕ್ಕೆಯ ಗೆರೆಯುದ್ದಕ್ಕೂ ಇರುವ ಹುರುಪೆಗಳ ಎಣಿಕೆ. ಇನ್ನೊಂದು ಡಿಎನ್‌ಎಯದು. ಮೀನಿನ ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಹೆಚ್ಚುಕಡಿಮೆ 16,500 ಅಕ್ಷರಗಳ ಬರಹವಿದೆ. ಗುರುತು ಹಿಡಿಯಲು ಸಾಮಾನ್ಯವಾಗಿ ಓದುವುದು ಅದರಲ್ಲಿ 650ರಷ್ಟನ್ನು. ಅಷ್ಟರಲ್ಲೇ ಎಷ್ಟು ತಿಳಿಯುತ್ತದೆ? 2005ರಲ್ಲಿ ಆಸ್ಟ್ರೇಲಿಯಾದ 207 ಬಗೆಯ ಮೀನುಗಳನ್ನು ಹೀಗೆ ಓದಿದಾಗ, ಒಂದೇ ಪ್ರಭೇದದ ಮೀನುಗಳ ನಡುವೆ ಸರಾಸರಿ ಶೇಕಡಾ 0.39 ವ್ಯತ್ಯಾಸವಿತ್ತು, ಒಂದೇ ಕುಲದ ಬೇರೆ ಬೇರೆ ಪ್ರಭೇದಗಳ ನಡುವೆ ಶೇಕಡಾ 9.93. ಅಂದರೆ 650ರಲ್ಲಿ ಎರಡು ಮೂರು ಅಕ್ಷರ ಒಂದು ಕಡೆ, ಅರವತ್ತಕ್ಕೂ ಮಿಕ್ಕಿ ಇನ್ನೊಂದು ಕಡೆ. ಮಹಶೀರ್‌ಗಳಲ್ಲಿ ಈ ಅಂತರ ಇನ್ನೂ ಕಿರಿದು. ಜೊತೆಗೆ ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ, ಬೆರಕೆ ಮರಿಯ ತಂದೆ ಯಾರೆಂದು ಅದು ಹೇಳುವುದಿಲ್ಲ. ಆದ್ದರಿಂದಲೇ ಹುರುಪೆ ಎಣಿಸುವ ಹಳೆಯ ಕಸುಬಿಗೆ ಇನ್ನೂ ಬೆಲೆ.

ಹೆಸರಿಲ್ಲದ ಮೀನನ್ನು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸಾಮಾನ್ಯವಾಗಿ ಸೇರಿಸುವುದಿಲ್ಲ. 1970ರ ದಶಕದಿಂದ ಲೋನಾವಳದಲ್ಲಿ ಸಾಕಿದ, ಬೇರೆ ಪ್ರಭೇದದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡುತ್ತ ಬಂದಾಗಲೂ, ಗೂನುಬೆನ್ನಿನದರ ಸಂಖ್ಯೆ ಕರಗುತ್ತಿದ್ದಾಗಲೂ, ದಾಖಲೆಯಲ್ಲಿ ಅದರ ಅಪಾಯಕ್ಕೊಂದು ಸಾಲು ಇರಲಿಲ್ಲ. ಹೆಸರು ಖಚಿತವಾದ 2018ರಲ್ಲೇ ಅದು ಪಟ್ಟಿ ಸೇರಿತು. ಸೇರಿದ್ದು ನೇರವಾಗಿ 'ತೀವ್ರ ಅಪಾಯದಲ್ಲಿರುವ' ವರ್ಗಕ್ಕೆ. ಅದರ ಮುಂದಿನ ಮೆಟ್ಟಿಲು, ನಿಸರ್ಗದಲ್ಲಿ ಅಳಿದದ್ದು.