ದೇವರ ಹಿಂಡಿಗೆ ಬೇಕಾದ ಹೋರಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರ ‘ದೇವರ ಎತ್ತು’ಗಳು ನೊಗವನ್ನರಿಯವು, ಕಿಲಾರಿಯೇ ಅವುಗಳ ಕಾವಲುಗಾರ. ಆದರೆ ಹಿಂಡು ಕಿರಿದಾದಲ್ಲಿ ದೈವಬಲವೊಂದೇ ಸಾಲದು. ಒಂದೇ ಹೋರಿ ತನ್ನ ಮಗಳನ್ನೂ ಮೊಮ್ಮಗಳನ್ನೂ ಕೂಡುತ್ತ ಬಂದರೆ, ಗುಪ್ತವಾಗಿದ್ದ ದೋಷ ಎರಡು ಕಡೆಯಿಂದಲೂ ಕರುವಿಗೆ ಇಳಿದೀತು. ತಂದೆತಾಯಿಗಳಾದರೋ ಮೈದುಂಬಿಕೊಂಡೇ ಇರುತ್ತವೆ!

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 1952ರಲ್ಲಿ ಹುಟ್ಟಿದ ಆಸ್ಬರ್ನ್‌ಡೇಲ್ ಐವನ್‌ಹೋ ಎಂಬ ಹೆಸರಾಂತ ಹೋಲ್‌ಸ್ಟೀನ್ ಹೋರಿಯ ಸಂತತಿಯಿಂದ, ಕರುಗಳ ರೋಗನಿರೋಧಕ ಶಕ್ತಿಯನ್ನೇ ಕುಂದಿಸುವ ‘ಬ್ಲ್ಯಾಡ್’ ಲೋಕವೆಲ್ಲ ಹಬ್ಬಿತು. 1990ರ ದಶಕದಿಂದೀಚೆಗೆ ವಂಶವಾಹಿ ಪರೀಕ್ಷೆಯಿಂದ ಅಂಥ ಹೋರಿಗಳನ್ನು ಗುರುತಿಸಿ ಕೈಬಿಡಲಾಗುತ್ತಿದೆ.

ಕಿಲಾರಿಗೆ ಪ್ರಯೋಗಾಲಯವೆಲ್ಲಿಯದು? ನೆಂಟಸ್ತಿಕೆಯಿಲ್ಲದ ಬೇರೊಂದು ಹಿಂಡಿನ ಹೋರಿಯೇ ಅವನ ಮದ್ದು. ಅದಕ್ಕೆ ಹಿಂಡುಗಳು ಹಲವಿರಬೇಕು, ಹಿಂಡುಗಳಿಗೆ ಹುಲ್ಲಿರಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ 2009ರ ಸುಮಾರಿಗೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು.