ಆಸ್ಪತ್ರೆಯಿಂದ ಮರಳಿದ ಹಿರಿಯರ ಮೊದಲ ತಿಂಗಳು

ನಮ್ಮ ಹಾವೇರಿ ಸೀಮೆಯ ಮನೆಗಳಲ್ಲಿ ಹಿರಿಯರೊಬ್ಬರು ಆಸ್ಪತ್ರೆಯಿಂದ ಮರಳುವ ದಿನ ಒಂದು ಸಣ್ಣ ಹಬ್ಬದಂತೆಯೇ ಇರುತ್ತದೆ. ಪಡಸಾಲೆಯಲ್ಲಿ ಹೊಸ ಗಾದಿ ಹಾಸುತ್ತಾರೆ. ಸಂಜೆಯೊಳಗೆ ಬೀಗರು, ನೆರೆಹೊರೆಯವರು, ಓಣಿಯ ಹಿರಿಯರು ಮಾತನಾಡಿಸಲು ಬರುತ್ತಾರೆ. ಅವರ ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು, ಎಳನೀರು. ದೊಡ್ಡ ಗಂಡಾಂತರವೊಂದು ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಾವೂ ಅನೇಕ ಮನೆಗಳಿಗೆ ಹೀಗೆಯೇ ಹೋಗಿ, ಹೀಗೆಯೇ ಹೇಳಿ ಬಂದವರು. ಆದರೆ ಶುಶ್ರೂಷಾ ಶಾಸ್ತ್ರದ ಸಂಶೋಧಕರು ಕಳೆದ ಮೂರು ದಶಕಗಳಿಂದ ಹೇಳುತ್ತಿರುವ ಮಾತು ಬೇರೆಯಾಗಿದೆ. ವಯಸ್ಸಾದವರ ಮಟ್ಟಿಗೆ ಆಸ್ಪತ್ರೆಯ ಬಾಗಿಲು ದಾಟಿದ ಅನಂತರದ ಮೊದಲ ತಿಂಗಳೇ ಅತ್ಯಂತ ಸೂಕ್ಷ್ಮವಾದ ಕಾಲ ಎಂಬುದು ಅವರ ಅಭಿಮತ.

ಬ್ಯಾಡಗಿಯಲ್ಲಿ ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಹೃದಯದ ಬಲ ಕುಗ್ಗಿ, ಕಾಲು ಬಾತು, ಉಸಿರು ಕಟ್ಟಿ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಇದ್ದರು. ಬಿಡುಗಡೆಯ ದಿನ ಹಿರಿಯ ಮಗ ಹಣ ಕಟ್ಟುವ ಕಿಟಕಿಯ ಮುಂದೆ ನಿಂತಿದ್ದ. ಅವನ ಕೈಗೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪುಟದ ಕಾಗದವೂ ಗುಳಿಗೆಗಳ ಚೀಲವೂ ಬಂದವು. ಔಷಧ ಹೇಗೆ ಕೊಡಬೇಕೆಂಬುದನ್ನು ಅವನಿಗೇ ಹೇಳಿದರು. ಮೆಣಸಿನಕಾಯಿಯ ಸುಗ್ಗಿಯ ಕಾಲ. ಮರುದಿನ ಬೆಳಗಾಗುವ ಮೊದಲೇ ಅವನು ಮಾರುಕಟ್ಟೆಯಲ್ಲಿದ್ದ. ಚೀಲ ಸೊಸೆಯ ಕೈಗೆ ಬಂತು. ಮಾತು ಬರಲಿಲ್ಲ.

ಮನೆಯ ಡಬ್ಬಿಯಲ್ಲಿ ರಕ್ತದೊತ್ತಡದ ಹಳೆಯ ಗುಳಿಗೆಗಳಿದ್ದವು. ಆಸ್ಪತ್ರೆಯವರು ಕೊಟ್ಟ ಹೊಸ ಗುಳಿಗೆಯೂ ಅದೇ ಔಷಧ, ಕಂಪನಿಯ ಹೆಸರು ಮಾತ್ರ ಬೇರೆ. ಎರಡನ್ನೂ ಕೊಡಲಾಯಿತು. ಮೂರನೆಯ ದಿನ ಹಾಸಿಗೆಯಿಂದ ಎದ್ದು ನಿಂತೊಡನೆ ತಲೆ ಸುತ್ತಿ ಹಿರಿಯರು ಹೊಸ್ತಿಲಲ್ಲಿ ಬಿದ್ದರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಮೈಯಲ್ಲಿ ತುಂಬಿದ ನೀರನ್ನು ಹೊರಹಾಕುವ ಗುಳಿಗೆಯನ್ನು ಅವರೇ ಗುಟ್ಟಾಗಿ ಬಿಟ್ಟುಬಿಟ್ಟಿದ್ದರು. ಕಾರಣ ಸರಳ: ಅದನ್ನು ನುಂಗಿದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು, ಪಾಯಖಾನೆ ಇರುವುದು ಹಿತ್ತಲಿನಲ್ಲಿ, ರಾತ್ರಿ ಸೊಸೆಯನ್ನು ಎಬ್ಬಿಸಲು ಸಂಕೋಚ. ಊಟದಲ್ಲಿ ಎಂದಿನಂತೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಹನ್ನೊಂದನೆಯ ರಾತ್ರಿ ಮತ್ತೆ ಉಸಿರು ಕಟ್ಟಿತು, ಮತ್ತೆ ಗಾಡಿ ಹೆದ್ದಾರಿಯತ್ತ ಓಡಿತು.

ಎರಡನೆಯ ಸಲ ಅವರನ್ನು ಉಳಿಸಿದ್ದು ವೈದ್ಯರ ಔಷಧವೇ ಹೌದು. ಆದರೆ ಮೂರನೆಯ ಸಲ ಬಾರದಂತೆ ತಡೆದದ್ದು ಒಬ್ಬ ದಾದಿಯ ಪ್ರಶ್ನೆ. ಆಕೆ ಮಗನನ್ನು ಬಿಟ್ಟು, ಮಂಚದ ಬದಿಯಲ್ಲಿ ನಿಂತಿದ್ದ ಸೊಸೆಯನ್ನು ಕೇಳಿದಳಂತೆ: “ಅಕ್ಕಾರ, ಮನ್ಯಾಗ ಗುಳಿಗಿ ಕೊಡೋರು ಯಾರ್‍ರಿ?” “ನಾನ ಕೊಡ್ತೇನ್ರಿ” ಎಂದಳು ಸೊಸೆ. ಎರಡು ಸಲದ ಆಸ್ಪತ್ರೆವಾಸದಲ್ಲಿ ಯಾರಾದರೂ ಆಕೆಯನ್ನು ಉದ್ದೇಶಿಸಿ ಮಾತನಾಡಿದ್ದು ಅದೇ ಮೊದಲು.

ಇಂಥ ಮರುಪ್ರವೇಶ ಎಷ್ಟು ಸಾಮಾನ್ಯವೆಂಬುದನ್ನು ಅಮೆರಿಕದಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿಯ ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್‌ನ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬಿಡುಗಡೆಯಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದ್ದರು. ಶಸ್ತ್ರಚಿಕಿತ್ಸೆಯಲ್ಲದ ಕಾಯಿಲೆಗಳಿಂದ ಹಾಗೆ ಮರಳಿದವರಲ್ಲಿ ಅರ್ಧದಷ್ಟು ಜನ ನಡುವಿನ ದಿನಗಳಲ್ಲಿ ಒಬ್ಬ ವೈದ್ಯರನ್ನೂ ಕಂಡ ದಾಖಲೆ ಇರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ವೈದ್ಯ ಹಾರ್ಲನ್ ಕ್ರುಮ್‌ಹೋಲ್ಜ್ 2013ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ಮೂಲ ಕಾಯಿಲೆಯಷ್ಟೇ ಅಲ್ಲ, ಆಸ್ಪತ್ರೆಯ ವಾಸವೇ ಮುದುಕರನ್ನು ಹಣ್ಣು ಮಾಡುತ್ತದೆ. ನಿದ್ರೆ ಕೆಡುತ್ತದೆ, ಊಟ ತಪ್ಪುತ್ತದೆ, ದಿನವಿಡೀ ಮಲಗಿ ಸ್ನಾಯು ಸೊರಗುತ್ತದೆ, ಮನಸ್ಸು ಕಲಕುತ್ತದೆ, ಹೀಗಾಗಿ ಬಿಡುಗಡೆಯ ಅನಂತರ ಕೆಲವು ವಾರ ಯಾವ ಹೊಸ ಕಾಯಿಲೆಗಾದರೂ ದೇಹ ತೆರೆದುಕೊಂಡಿರುತ್ತದೆ ಎಂಬುದು ಅವರ ವಾದ. 2007ರ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯವಂತರಾದ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿರಿಸಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಕಾಯಿಲೆಯಿಲ್ಲದವರ ಪಾಡೇ ಹೀಗಾದರೆ, ನಮ್ಮ ಬ್ಯಾಡಗಿಯ ಯಜಮಾನರು ಎದ್ದು ನಿಂತಾಗ ಬಿದ್ದುದರಲ್ಲಿ ಆಶ್ಚರ್ಯವೇನು?

ಈ ವಿಷಯದಲ್ಲಿ ಮಾರ್ಗ ತೋರಿದವರು ದಾದಿಯರೇ ಎಂಬುದು ನಮಗೆ ಸಂತೋಷದ ಸಂಗತಿ. ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ಶಾಸ್ತ್ರದ ಪ್ರಾಧ್ಯಾಪಕಿ ಮೇರಿ ನೇಯ್ಲರ್ ಮತ್ತು ಅವರ ಸಂಗಡಿಗರು ಮೊದಲು 1994ರಲ್ಲಿ, ಅನಂತರ 1999ರಲ್ಲಿ ತಮ್ಮ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಎರಡನೆಯದರಲ್ಲಿ 65 ವರ್ಷ ಮತ್ತು ಮೇಲ್ಪಟ್ಟ 363 ರೋಗಿಗಳಿದ್ದರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾಡಿಕೆಯ ಬಿಡುಗಡೆ, ಇನ್ನೊಂದಕ್ಕೆ ವಿಶೇಷ ತರಬೇತಿಯ ದಾದಿ ಎಂದು ಗೊತ್ತುಮಾಡಿದರು. ಆ ದಾದಿ ರೋಗಿ ಆಸ್ಪತ್ರೆಯಲ್ಲಿರುವಾಗಲೇ ಪರಿಚಯ ಮಾಡಿಕೊಂಡು, ಬಿಡುಗಡೆಯಾದ 48 ಗಂಟೆಗಳೊಳಗೆ ಮನೆಗೆ ಬರುವಳು. ವಾರ ಹತ್ತು ದಿನದಲ್ಲಿ ಮತ್ತೊಮ್ಮೆ ಬರುವಳು. ನಾಲ್ಕು ವಾರಗಳವರೆಗೆ ದೂರವಾಣಿಯಲ್ಲಿ ಸಿಗುವಳು. 24 ವಾರಗಳು ಕಳೆದಾಗ ವಾಡಿಕೆಯ ಗುಂಪಿನಲ್ಲಿ ನೂರಕ್ಕೆ 37 ಜನ ಕನಿಷ್ಠ ಒಮ್ಮೆ ಆಸ್ಪತ್ರೆಗೆ ಮರಳಿದ್ದರೆ, ದಾದಿಯ ಗುಂಪಿನಲ್ಲಿ 20 ಜನ ಮಾತ್ರ. ಖರ್ಚೂ ಅರ್ಧದಷ್ಟಾಗಿತ್ತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಒಬ್ಬರೇ ಮನುಷ್ಯರು ಆಸ್ಪತ್ರೆಯಿಂದ ಮನೆಯವರೆಗೆ ಜೊತೆಗಿದ್ದುದರ ಫಲ ಇದು.

ಮನೆಗೆ ಬಂದ ದಾದಿ ನೋಡುವುದೇನು? ಆಸ್ಪತ್ರೆಯ ಮಂಚದಿಂದ ಕಾಣದ ಸಂಗತಿಗಳನ್ನು. ಬಚ್ಚಲಿನ ನೆಲ ಜಾರುತ್ತದೆಯೇ, ಹೊಸ್ತಿಲು ಎಷ್ಟು ಎತ್ತರ, ಹಳೆಯ ಗುಳಿಗೆಗಳ ಡಬ್ಬಿ ಎಲ್ಲಿದೆ, ಅಡುಗೆಗೆ ಉಪ್ಪು ಹಾಕುವವರು ಯಾರು. ನಮ್ಮ ಸಮಾಜದ ಮನೆಗಳಿಗೆ ಬಂದರೆ ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು: ಪೂಜೆಯ ವೇಳೆ ಯಾವುದು? ಸ್ನಾನ, ಇಷ್ಟಲಿಂಗ ಪೂಜೆ ಆಗದೆ ನಮ್ಮ ಹಿರಿಯರಲ್ಲಿ ಅನೇಕರು ಬಾಯಿಗೆ ಏನನ್ನೂ ಹಾಕುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳೂ ಇನ್ಸುಲಿನ್ ಚುಚ್ಚುಮದ್ದೂ ಆಹಾರಕ್ಕಾಗಿ ಕಾಯುವುದಿಲ್ಲ. ಬೆಳಿಗ್ಗೆ ಔಷಧ ತೆಗೆದುಕೊಂಡು ಪೂಜೆ ಮುಗಿಯಲೆಂದು ಎರಡು ತಾಸು ಉಪವಾಸ ಕುಳಿತರೆ ರಕ್ತದ ಸಕ್ಕರೆ ಇಳಿದು, ಮೈ ಬೆವೆತು, ಕೈ ನಡುಗಿ, ಪ್ರಜ್ಞೆ ತಪ್ಪಬಹುದು. ಪೂಜೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಔಷಧದ ವೇಳೆಯನ್ನು ಪೂಜೆಗೆ ಹೊಂದಿಸಿ ಬರೆದುಕೊಡಿರೆಂದು ವೈದ್ಯರನ್ನು ಬಿಡುಗಡೆಯ ದಿನವೇ ಕೇಳಿದರೆ ಅವರು ಬರೆದುಕೊಡುತ್ತಾರೆ. ಅಂತೆಯೇ ಚಪ್ಪೆಯ ಎಲುಬಿನ ಶಸ್ತ್ರಚಿಕಿತ್ಸೆಯಾದವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಬಹುದೇ ಎಂಬುದನ್ನೂ ಕೇಳಿ ತಿಳಿಯಬೇಕು. ಕುರ್ಚಿಯ ಮೇಲೆ ಕುಳಿತು ಮಾಡಿದ ಪೂಜೆಯಲ್ಲಿ ಊನವೇನೂ ಇಲ್ಲ.

ಮನೆಯವರು ಗುರುತಿಸಬೇಕಾದ ಇನ್ನೆರಡು ಸೂಚನೆಗಳಿವೆ. ಹೃದಯದ ತೊಂದರೆ ಇರುವವರನ್ನು ದಿನವೂ ಬೆಳಿಗ್ಗೆ ಮೂತ್ರವಿಸರ್ಜನೆಯ ಅನಂತರ, ಉಪಾಹಾರದ ಮೊದಲು ತೂಗಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋದಷ್ಟು ತೂಕ ಏರಿದರೆ ಅದು ಮೈ ತುಂಬಿಕೊಂಡ ಲಕ್ಷಣವಲ್ಲ, ನೀರು ನಿಲ್ಲುತ್ತಿರುವ ಲಕ್ಷಣ. ಉಸಿರು ಕಟ್ಟುವವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಎರಡನೆಯದು, ನೆಟ್ಟಗಿದ್ದ ಹಿರಿಯರು ಹಠಾತ್ತನೆ ರಾತ್ರಿ ಬಡಬಡಿಸತೊಡಗುವುದು, ಮನೆಯವರನ್ನೇ ಗುರುತಿಸದಿರುವುದು. ಇದನ್ನು ಅರಳುಮರಳೆಂದೋ ಗಾಳಿ ಸೋಂಕೆಂದೋ ತಳ್ಳಿಹಾಕುವವರು ಈಗಲೂ ಇದ್ದಾರೆ. ಇದು ಬಹುಮಟ್ಟಿಗೆ ಸೋಂಕುರೋಗ, ರಕ್ತದ ಲವಣಾಂಶದ ಏರುಪೇರು ಅಥವಾ ಔಷಧದ ಪರಿಣಾಮ. ಚಿಕಿತ್ಸೆಯಿಂದ ಸರಿಯಾಗಬಲ್ಲದ್ದು, ತಡಮಾಡಿದರೆ ಪ್ರಾಣಕ್ಕೆ ಎರವಾಗಬಲ್ಲದ್ದು. ಇನ್ನು ಮಾತನಾಡಿಸಲು ಬರುವವರ ಎಳನೀರಿನ ವಿಷಯ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಪೊಟ್ಯಾಸಿಯಮ್ ಏರಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಅದು ಅಪಾಯ ತರಬಹುದು. ಪ್ರೀತಿಯಿಂದ ತಂದುದನ್ನು ಬೇಡವೆನ್ನುವ ಧೈರ್ಯ ಮನೆಯವರಿಗೆ ಇರಬೇಕು.

ಇಷ್ಟನ್ನೂ ಮಾಡುವವರು ಯಾರು? ನಮ್ಮ ಮನೆಗಳಲ್ಲಿ ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆಂದು ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ನೋಡಿಕೊಳ್ಳುವವಳು ಸೊಸೆ, ಇಲ್ಲವೇ ತಾನೂ ಮುದುಕಿಯಾದ ಹೆಂಡತಿ. ಬ್ಯಾಡಗಿಯಲ್ಲಿ ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವವಳು, ರಾಣೇಬೆನ್ನೂರಿನ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವವಳು. ಮಾವನವರು ಮಲಗಿದ ದಿನದಿಂದ ಆಕೆಯ ಕೂಲಿ ನಿಲ್ಲುತ್ತದೆ, ರಾತ್ರಿಯ ನಿದ್ರೆಯೂ ನಿಲ್ಲುತ್ತದೆ. ಆಸ್ಪತ್ರೆಯ ಖರ್ಚಿನ ಲೆಕ್ಕದಲ್ಲಿ ಇದನ್ನು ಬರೆದುಕೊಂಡ ಮನೆಯನ್ನು ನಾವು ಕಂಡಿಲ್ಲ.

ಮನೆಯವರಿಗೆ ಕಲಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆಂದು ತಿಳಿಯುವುದೂ ತಪ್ಪು. ಪಾರ್ಶ್ವವಾಯು ಹೊಡೆದವರ ಬಗ್ಗೆ ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕುಟುಂಬದ ಒಬ್ಬರಿಗೆ ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ತರಬೇತಿ ಕೊಟ್ಟು, ರೋಗಿಯ ಕೈಕಾಲಿನ ಪುನಶ್ಚೇತನವನ್ನು ಅವರ ಕೈಯಿಂದಲೇ ಮಾಡಿಸಿ ನೋಡಿದರು. ಆರು ತಿಂಗಳ ಅನಂತರ ಮರಣ ಹೊಂದಿದವರು ಇಲ್ಲವೇ ಪರಾವಲಂಬಿಗಳಾಗಿ ಉಳಿದವರು ತರಬೇತಿ ಪಡೆದ ಕುಟುಂಬಗಳಲ್ಲಿ ನೂರಕ್ಕೆ 47, ಪಡೆಯದವುಗಳಲ್ಲಿಯೂ 47. ಈ ಅಂಕಿಯನ್ನು ಓದಿದಾಗ ನಮಗೆ ನಿರಾಶೆಯಾದದ್ದು ನಿಜ. ಆದರೆ ನಮಗೆ ತೋರುವುದು ಇಷ್ಟು: ಸೋತ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ವರ್ಷಗಟ್ಟಲೆ ಕಲಿತವರ ಕಸುಬು, ಅದನ್ನು ಸೊಸೆಯ ತಲೆಗೆ ಕಟ್ಟಲಾಗದು. ಔಷಧದ ವೇಳೆ, ಅಪಾಯದ ಸೂಚನೆ, ಊಟ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಇವು ಮನೆಯವರ ಪಾಲು. ಅದನ್ನೂ ಯಾರಾದರೂ ಹೇಳಿಕೊಟ್ಟರೆ ಮಾತ್ರ.

ಫಿಲಡೆಲ್ಫಿಯಾದ ದಾದಿ ನಮ್ಮ ಹಳ್ಳಿಗೆ ಬರುವಳೇ ಎಂದು ಓದುಗರು ಕೇಳಬಹುದು. ಹಾವೇರಿ, ಬ್ಯಾಡಗಿಯವರು ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೆ, ರಾಣೇಬೆನ್ನೂರಿನವರು ದಾವಣಗೆರೆಗೆ ಹೋಗುವುದೇ ಹೆಚ್ಚು. ಅಷ್ಟು ದೂರದಿಂದ ಯಾರೂ ಮನೆಗೆ ಬರಲಾರರು. ಆದರೆ ಹಳ್ಳಿಗಳ ಉಪಕೇಂದ್ರಗಳು 2018ರಿಂದೀಚೆಗೆ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಕರೆಯಲ್ಪಡುತ್ತಿವೆ. ಅಲ್ಲಿರುವ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ವೃದ್ಧರ ಆರೈಕೆ ಅವರಿಗೆ ವಹಿಸಿದ ಸೇವೆಗಳಲ್ಲಿ ಒಂದು. ಆಶಾ ಕಾರ್ಯಕರ್ತೆಯರು ಮನೆಮನೆ ಬಲ್ಲವರು. ಬಿಡುಗಡೆಯ ಕಾಗದದ ಒಂದು ಪ್ರತಿಯನ್ನು ಮರುದಿನವೇ ಉಪಕೇಂದ್ರಕ್ಕೆ ಒಯ್ದು ತೋರಿಸಿ, ಒಮ್ಮೆ ಮನೆಗೆ ಬನ್ನಿರೆಂದು ಕರೆಯುವುದು ನಮ್ಮ ಕೈಯಲ್ಲಿದೆ. ವಾರ್ಡಿನಲ್ಲಿಯೇ ದಾದಿಯರಿಂದ ಮನೆಯವರಿಗೆ ಪಾಠ ಹೇಳಿಸುವ ಕೆಲಸವನ್ನು ನೂರಾ ಹೆಲ್ತ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಆರಂಭಿಸಿತು; ಮುಂದೆ ಅದು ರಾಜ್ಯದ ಸರಕಾರಿ ಆಸ್ಪತ್ರೆಗಳಿಗೂ ಬಂತು. ಇನ್ನು ಸಂಕಟದಲ್ಲಿರುವ ಹಿರಿಯರಿಗಾಗಿ 14567 ಎಂಬ ಸಹಾಯವಾಣಿ ಇದೆ.

ನಮ್ಮ ಸಂಘಸಂಸ್ಥೆಗಳಿಗೂ ಮಠಗಳಿಗೂ ಒಂದು ವಿನಂತಿ. ಊರಿಗೊಂದು ಸೆಟ್ಟಿನಂತೆ ವಾಕರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆ, ತೂಕದ ಯಂತ್ರ ತಂದಿಟ್ಟು, ಬೇಕಾದವರಿಗೆ ತಿಂಗಳ ಮಟ್ಟಿಗೆ ಎರವಲು ಕೊಡಬಾರದೇಕೆ? ಕಲ್ಯಾಣ ಮಂಟಪದ ಪಾತ್ರೆಗಳನ್ನು ಹಾಗೆ ಕೊಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಒಂದು ಕಮೋಡ್ ಕುರ್ಚಿ ಮಂಚದ ಬಳಿ ಇದ್ದಿದ್ದರೆ ಬ್ಯಾಡಗಿಯ ಆ ಹಿರಿಯರು ನೀರಿನ ಗುಳಿಗೆಯನ್ನು ಬಿಡುತ್ತಿರಲಿಲ್ಲ.

ಈಗ ಆ ಮನೆಯಲ್ಲಿ ಕುರ್ಚಿ ಬಂದಿದೆ. ಹಳೆಯ ಗುಳಿಗೆಗಳ ಡಬ್ಬಿ ಹೋಗಿದೆ. ತೂಕದ ಯಂತ್ರ ಕೊಳ್ಳುವ ಪ್ರಮೇಯವೇ ಬರಲಿಲ್ಲ. ಮೆಣಸಿನಕಾಯಿ ಚೀಲ ತೂಗುವ ಕಾಟಾ ಮನೆಯಲ್ಲಿಯೇ ಇತ್ತು. ಬೆಳಿಗ್ಗೆ ಮೊಮ್ಮಗನ ಭುಜ ಹಿಡಿದು ಯಜಮಾನರು ಅದರ ಮೇಲೆ ನಿಲ್ಲುತ್ತಾರೆ, ಸೊಸೆ ಗೋಡೆಯ ಕ್ಯಾಲೆಂಡರಿನ ಮೇಲೆ ಅಂದಿನ ತೂಕ ಬರೆಯುತ್ತಾಳೆ. ನಾವು ಹೋದ ದಿನ 58 ಕಿಲೋ 400 ಗ್ರಾಂ ಇತ್ತು, ಹಿಂದಿನ ದಿನವೂ ಅಷ್ಟೇ.