ಬಂದೂಕು ಮೌನವಾದ ಮೇಲೂ ಉಳಿಯುವ ನೋವು

ಯುದ್ಧ ಎಂದ ಕೂಡಲೇ ನಮಗೆ ನೆನಪಾಗುವುದು ದೇಶದ ಗಡಿ, ಸೈನಿಕರು, ಬಾಂಬುಗಳು. ಆದರೆ ಯಾರೂ ಯುದ್ಧ ಸಾರದೆಯೇ ವರ್ಷಗಟ್ಟಲೆ ಬಂದೂಕಿನ ನೆರಳಲ್ಲಿ ಬಾಳಿದ ಕನ್ನಡದ ಊರುಗಳೂ ಇವೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟಸೀಮೆ ಅಂಥದ್ದು.

ದಂತಚೋರ ವೀರಪ್ಪನ್ ಸತ್ಯಮಂಗಲದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಕಾಡನ್ನು ತನ್ನ ಅಡಗುದಾಣ ಮಾಡಿಕೊಂಡಿದ್ದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅವನ ತಂಡ ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ತಾಳವಾಡಿ ಸಮೀಪದ ದೊಡ್ಡ ಗಾಜನೂರಿನಿಂದ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾಗುವವರೆಗೂ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಈ ಕಾಡನ್ನು ಜಾಲಾಡಿದವು.

ನಡುವೆ ಸಿಕ್ಕಿಕೊಂಡವರು ಬಡ ರೈತರು, ಕೂಲಿಗಳು, ಸೋಲಿಗರು, ಇರುಳಿಗರು. ಪೊಲೀಸರಿಗೆ ಸುಳಿವು ಕೊಟ್ಟರೆಂಬ ಶಂಕೆ ಬಂದರೆ ವೀರಪ್ಪನ್ ಕೊಲ್ಲುತ್ತಿದ್ದ. ಅವನಿಗೆ ಅಕ್ಕಿ, ರಾಗಿ ಕೊಟ್ಟರೆಂಬ ಶಂಕೆ ಬಂದರೆ ಪೊಲೀಸರು ಹಿಡಿದೊಯ್ಯುತ್ತಿದ್ದರು. ಜನರ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿ ನೇಮಿಸಿತು. ಅಕ್ರಮ ಬಂಧನ, ಹೊಡೆತ, ವಿದ್ಯುತ್ ಆಘಾತ, ಮಹಿಳೆಯರ ಮೇಲಿನ ಅತ್ಯಾಚಾರದ ದೂರುಗಳು ಅದರ ಮುಂದೆ ಬಂದವು. 2007ರ ಜನವರಿಯಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ನೀಡಲು ಸೂಚಿಸಿತು.

ಹಣ ಬಂದರೂ ದೇಹ ಮರೆಯುವುದಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿ ನೇತುಹಾಕಿದರೆ ತೋಳಿನ ನರಗಳು ಘಾಸಿಗೊಳ್ಳುತ್ತವೆ. ಕೊಡಲಿ ಹಿಡಿಯುವ, ಕೊಡ ಎತ್ತುವ ಬಲ ಕುಂದುತ್ತದೆ. ಪಾದಕ್ಕೆ ಬಿದ್ದ ಏಟು ನಡಿಗೆಯನ್ನೇ ಕೆಡಿಸಬಹುದು. ಕೂಲಿಯನ್ನೇ ನಂಬಿದ ಮನೆಯಲ್ಲಿ ಇದರ ಅರ್ಥ ಹಸಿವು. ಅಂದು ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಇಂದು ಐವತ್ತೈದು ದಾಟಿದೆ. ಹಳೆಯ ನೋವಿಗೆ ಮುಪ್ಪೂ ಸೇರಿಕೊಂಡಿದೆ.

ಮನಸ್ಸಿನ ಗಾಯ ಇನ್ನೂ ಆಳವಾದದ್ದು. ಸಂಘರ್ಷ ಕಂಡ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜಿಸಿತು. ನಿದ್ದೆ ಬಾರದಿರುವುದು, ಬೂಟಿನ ಸದ್ದಿಗೆ ಬೆಚ್ಚಿಬೀಳುವುದು, ಕುಡಿತಕ್ಕೆ ಶರಣಾಗುವುದು ಇದರ ಲಕ್ಷಣಗಳು. ವೀರಪ್ಪನ್‌ಗೆ ನೆರವಾದರೆಂದು ಟಾಡಾ ಕಾಯ್ದೆಯಡಿ ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯನ್ನು ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು. ಹಲವರು ಅಷ್ಟರಲ್ಲಾಗಲೇ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಅಪ್ಪನಿಲ್ಲದೆ ಬೆಳೆದ ಮಕ್ಕಳ ಬಾಲ್ಯವನ್ನು ಯಾವ ತೀರ್ಪು ತಾನೇ ಮರಳಿಸೀತು?

ಇಂಥ ಭಯ ಆಸ್ಪತ್ರೆಯ ಹಾದಿಗೂ ಅಡ್ಡ ನಿಲ್ಲುತ್ತದೆ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ರಾತ್ರಿ ಹೆರಿಗೆ ನೋವು ಬಂದರೆ ಸಾಧಾರಣ ದಿನಗಳಲ್ಲೇ ಕಷ್ಟ. ಗುಂಡಿನ ಭಯವಿದ್ದಾಗ ಹೊರಡಲು ಯಾರಿಗೆ ಧೈರ್ಯ ಬಂದೀತು? ಕಾಡಿಗೆ ಹೋಗುವುದೇ ಅನುಮಾನಕ್ಕೆ ಎಡೆಯಾದರೆ ಜೇನು, ಗೆಡ್ಡೆಗೆಣಸು, ಸೊಪ್ಪು ಮನೆಗೆ ಬರುವುದಿಲ್ಲ. ಆಹಾರ ಕುಗ್ಗಿದಾಗ ಮೊದಲು ಸೊರಗುವವರು ಬಸುರಿಯರು ಮತ್ತು ಮಕ್ಕಳು.

ಪ್ರಿಯ ಓದುಗರೇ, ನಮ್ಮ ನೆರೆಯಲ್ಲಿ ಇಂಥ ನೋವುಂಡ ಹಿರಿಯರಿರಬಹುದು. ಹಳೆಯದನ್ನು ಹೇಳಲು ಅವರನ್ನು ಒತ್ತಾಯಿಸುವುದು ಬೇಡ. ಹೇಳಲು ಬಯಸಿದಾಗ ತಾಳ್ಮೆಯಿಂದ ಕೇಳೋಣ. ವೈದ್ಯರ ಬಳಿಗೆ ಅವರ ಜೊತೆ ಹೋಗೋಣ. ಏಟು ಬಿದ್ದದ್ದು ಗೊತ್ತಾದರೆ ಚಿಕಿತ್ಸೆಯ ದಾರಿಯೂ ಸುಲಭ. ಮಾನಸಿಕ ನೆರವಿಗೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪರಿಹಾರದ ಹಣ ಒಮ್ಮೆ ಕೈಸೇರಿ ಖರ್ಚಾಗಿ ಹೋಗುತ್ತದೆ. ಆರೈಕೆ ಮಾತ್ರ ಅವರು ಬದುಕಿರುವ ತನಕ ಬೇಕು.